ಗಾಳ ಮತ್ತು ದೋಣಿ ಎಂಜಿನ್: ಚೆನ್ನೈ ಕೆರೆಗಳಲ್ಲಿ ಬಳಕೆ, ಆರೈಕೆ

ಸಿಹಿನೀರಿನಲ್ಲಿ ಗಾಳ ಹಾಕುವವರ ಕೋಲು, ರೀಲು, ದಾರ, ಕೊಕ್ಕೆಗಳನ್ನೂ ಅವರು ಹತ್ತುವ ಸಣ್ಣ ದೋಣಿಯ ಎಂಜಿನ್ನನ್ನೂ ಕೆಲಸಕ್ಕೆ ಒದಗುವಂತೆ ಇಟ್ಟುಕೊಳ್ಳುವ ಕ್ರಮ. ಬೇರೆ ಊರುಗಳಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿ ಹೇಳಬಹುದು. ಚೆನ್ನೈಯಲ್ಲಿ ಒಟ್ಟಿಗೆ ಹೇಳುವುದೇ ಸರಿ, ಏಕೆಂದರೆ ಇಲ್ಲಿ ಎರಡನ್ನೂ ಕೆಡಿಸುವ ಶತ್ರುಗಳು ಅವೇ: ಉಪ್ಪು, ಬಿಸಿಲು, ಬಳಸದೆ ಮೂಲೆಯಲ್ಲಿ ನಿಂತ ತಿಂಗಳುಗಳು. ಊರಿನ ಸಿಹಿನೀರು ಸಮುದ್ರಕ್ಕೆ ಒತ್ತಿಕೊಂಡಂತಿದೆ. ಈ ಭಾನುವಾರ ಕೆರೆಯಲ್ಲಿ ನೆನೆದ ರೀಲು ಮುಂದಿನ ಭಾನುವಾರ ಮುಟ್ಟುಕಾಡಿನ ಉಪ್ಪು ಬೆರೆತ ಹಿನ್ನೀರಿನಲ್ಲಿರುತ್ತದೆ. ಸಿಹಿನೀರಿನದೆಂದು ಅಗ್ಗಕ್ಕೆ ಕೊಂಡ ಸಾಮಾನು ಅಲ್ಲಿಂದ ಬಂದ ಮೇಲೆ ತುಕ್ಕು ಹಿಡಿದು ಕೂರುತ್ತದೆ.

ನೀರಿನ ತಾಣಗಳು

ಚೆನ್ನೈಗೆ ಕುಡಿಯುವ ನೀರು ಕೊಡುವ ಜಲಾಶಯಗಳಲ್ಲಿ ಪೂಂಡಿ, ಚೋಳವರಂ, ಪುಳಲ್ ಅಥವಾ ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಮುಖ್ಯವಾದವು. ಕೊಸಸ್ತಲೈಯಾರ್ ನದಿಗೆ ಅಡ್ಡಲಾಗಿ ಕಟ್ಟಿ 1944ರಲ್ಲಿ ಮುಗಿದ ಪೂಂಡಿಗೆ ಸತ್ಯಮೂರ್ತಿ ಸಾಗರವೆಂಬ ಹೆಸರಿದೆ. ಕೃಷ್ಣಾ ನದಿಯ ನೀರು ಆಂಧ್ರದಿಂದ ಕಾಲುವೆಯಲ್ಲಿ ಬಂದು ಸೇರುವುದೂ ಇಲ್ಲಿಗೇ. ಇವೆಲ್ಲ ಸರ್ಕಾರದ ಕಾವಲಿನಲ್ಲಿರುವ ನೀರು. ಮೀನಿನ ಹಕ್ಕೂ ಇಲಾಖೆಯದು ಇಲ್ಲವೇ ಅದು ಗುತ್ತಿಗೆ ಕೊಟ್ಟವರದು. ಅನುಮತಿ ಕೇಳದೆ ಗಾಳ ಹಾಕುವುದಾಗಲಿ ಪೆಟ್ರೋಲ್ ಎಂಜಿನ್ ಇಳಿಸುವುದಾಗಲಿ ಸಲ್ಲ. ಊರೊಳಗೆ ಹವ್ಯಾಸಕ್ಕೆಂದೇ ತೆರೆದಿರುವುದು ಚೆಟ್‌ಪೇಟೆ ಕೆರೆ. ಸುಮಾರು 16 ಎಕರೆಯ ಈ ಕೆರೆಯನ್ನು ತಮಿಳುನಾಡು ಮೀನುಗಾರಿಕೆ ಇಲಾಖೆ ಪರಿಸರ ಉದ್ಯಾನವಾಗಿ ಮಾಡಿ 2016ರಲ್ಲಿ ತೆರೆಯಿತು. ದೋಣಿವಿಹಾರದ ಜೊತೆಗೆ ಗಾಳ ಹಾಕಲು ಕಟ್ಟೆಯೂ ಇದೆ. ದಕ್ಷಿಣದಲ್ಲಿ ಕೋವಳಂ ಬಳಿಯ ಮುಟ್ಟುಕಾಡು, ಉತ್ತರದಲ್ಲಿ ಪುಲಿಕಾಟ್ ಸರೋವರ ಎರಡೂ ಉಪ್ಪು ಬೆರೆತ ನೀರು. ಪುಲಿಕಾಟ್ ಅಂತೂ ಇಂಥ ಸರೋವರಗಳಲ್ಲಿ ಚಿಲಿಕಾ ಬಿಟ್ಟರೆ ದೇಶಕ್ಕೇ ದೊಡ್ಡದು.

ಗಾಳಕ್ಕೆ ಬೀಳುವುದರಲ್ಲಿ ಜಿಲೇಬಿಯದೇ ಮೇಲುಗೈ. 1952ರಲ್ಲಿ ಭಾರತಕ್ಕೆ ತಂದ ಈ ಆಫ್ರಿಕಾ ಮೂಲದ ತಿಲಾಪಿಯಾ ಈಗ ಕೆರೆ ಬಿಟ್ಟು ಚರಂಡಿಯಲ್ಲೂ ಮರಿ ಮಾಡುತ್ತದೆ. ಕನ್ನಡಿಗರೂ ತಮಿಳರೂ ಇದನ್ನು ಒಂದೇ ಹೆಸರಿನಿಂದ ಕರೆಯುತ್ತಾರೆ. ರೋಹು, ಕಾಟ್ಲಾ, ಮೃಗಾಲ್ ಇಲಾಖೆ ಬಿತ್ತಿದವು. ತಮಿಳರು ವಿರಾಲ್ ಎನ್ನುವ, ನಮ್ಮ ಕಡೆ ಮರಲು ಎನ್ನುವ ಮೀನು ಕಳೆಯ ಅಡಿಯಲ್ಲಿ ಅವಿತಿರುತ್ತದೆ. ಚೇಳು ಮೀನಿನ ಮುಳ್ಳು ತಾಗಿದರೆ ಹೆಸರಿಟ್ಟವರು ಸುಮ್ಮನೆ ಇಡಲಿಲ್ಲವೆಂದು ತಿಳಿಯುತ್ತದೆ. ಯಾರೋ ಗಾಜಿನ ತೊಟ್ಟಿ ಖಾಲಿ ಮಾಡಿ ಕೆರೆಗೆ ಬಿಟ್ಟ ಸಕ್ಕರ್ ಮೀನು ಇತ್ತೀಚಿನ ಪಿಡುಗು. ಅದರ ಚಿಪ್ಪು ಉಜ್ಜಿದ ದಾರವನ್ನು ಒಂದು ಮೊಳ ಕತ್ತರಿಸಿ ಎಸೆಯುವುದು ಲೇಸು.

ಹಿನ್ನೆಲೆ

ದಕ್ಷಿಣ ಭಾರತದ ಸಿಹಿನೀರಿನ ಗಾಳದ ಬಗೆಗಿನ ಮೊದಲ ದೊಡ್ಡ ಪುಸ್ತಕ ಹೊರಬಂದದ್ದು ಮದ್ರಾಸಿನಿಂದಲ್ಲ, ಮಂಗಳೂರಿನಿಂದ. ಮದ್ರಾಸ್ ಸಿವಿಲ್ ಸರ್ವಿಸಿನ ಹೆನ್ರಿ ಸಲಿವನ್ ಥಾಮಸ್ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ. ಅವನ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದರಲ್ಲಿ ದೊಡ್ಡ ಪಾತ್ರ ಹೊಳೆಯ ಮಶೀರ್ ಮೀನಿನದು. ಕೆರೆಗಳಲ್ಲಿ ಸಣ್ಣ ಮೀನು ಹಿಡಿಯುವುದಕ್ಕೆ ಅವನು 1887ರಲ್ಲಿ ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’ ಎಂಬ ಬೇರೆ ಪುಸ್ತಕವನ್ನೇ ಬರೆದ. ಚೆನ್ನೈಯವನಿಗೆ ಹೆಚ್ಚು ಹತ್ತಿರದ್ದು ಈ ಎರಡನೆಯದು, ಆದರೆ ಹೆಸರು ಗಳಿಸಿದ್ದು ಮೊದಲನೆಯದು. ದಕ್ಷಿಣ ಕನ್ನಡದ ಹೊಳೆಯ ಒಂದು ಮೀನಿಗೆ ಫ್ರಾನ್ಸಿಸ್ ಡೇ 1874ರಲ್ಲಿ ಥಾಮಸನ ಹೆಸರಿಟ್ಟ. ಮದ್ರಾಸ್ ಸೇನೆಯಲ್ಲಿ ವೈದ್ಯನಾಗಿದ್ದು ಮೀನುಗಾರಿಕೆಯ ಇನ್‌ಸ್ಪೆಕ್ಟರ್ ಜನರಲ್ ಆದವನು ಡೇ. ಆ ಮೀನು ಇಂದು ಅಳಿವಿನ ಅಂಚಿನಲ್ಲಿದೆ.

ಸರ್ ಫ್ರೆಡರಿಕ್ ನಿಕಲ್ಸನ್ ಮುಂದಾಳುತನದಲ್ಲಿ 1907ರಲ್ಲಿ ಮದ್ರಾಸಿಗೆ ಮೀನುಗಾರಿಕೆ ವಿಭಾಗ ಬಂತು. ಎಂಜಿನ್ ಬಂದದ್ದು ಆಮೇಲೆ. ಈಚೆಗೆ ಚೆನ್ನೈ ಕಡಲತೀರದ ಕಾಸಿಮೇಡು, ನೊಚ್ಚಿಕುಪ್ಪಗಳ ಫೈಬರ್ ದೋಣಿಗಳಲ್ಲಿ ಕಾಣುವುದು ಉದ್ದ ದಂಡಿನ ಡೀಸೆಲ್ ಎಂಜಿನ್. ಅಲೆ ಒಡೆಯುವ ದಡಕ್ಕೆ ದೋಣಿ ನುಗ್ಗುವಾಗ ದಂಡನ್ನು ಎತ್ತಿ ಹಿಡಿಯಬಹುದು. ದಡದಿಂದ ನೇರ ಇಳಿಯುವ ದೋಣಿಗಳನ್ನೂ ಅವಕ್ಕೆ ತಕ್ಕ ಎಂಜಿನ್ನುಗಳನ್ನೂ ರೂಪಿಸುವ ಪ್ರಯೋಗಗಳನ್ನು 1979ರಲ್ಲಿ ಆರಂಭವಾದ ‘ಬೇ ಆಫ್ ಬೆಂಗಾಲ್ ಪ್ರೋಗ್ರಾಂ’ ಎಂಬ ಮೀನುಗಾರಿಕೆ ಯೋಜನೆ ಮದ್ರಾಸಿನಿಂದಲೇ ನಡೆಸಿತು.

ಕಾವೇರಿಯ ಕೋಲು ಕೆರೆಗೆ ಸಲ್ಲದು

ಕನ್ನಡಿಗ ಗಾಳಗಾರನ ತಲೆಯಲ್ಲಿ ಒಂದು ಚಿತ್ರ ಕುಳಿತುಬಿಟ್ಟಿದೆ: ಕಾವೇರಿ, ಮಶೀರ್, ಬಿಲ್ಲಾಗಿ ಬಾಗಿದ ಕೋಲು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವನೊಬ್ಬ 120 ಪೌಂಡ್ ತೂಕದ ಮಶೀರ್ ಹಿಡಿದದ್ದು ಈ ಚಿತ್ರದ ತುದಿ. ಗಾಳದ ಹುಚ್ಚಿನ ಇನ್ನೊಂದು ಮುಖವೂ ನಮ್ಮಲ್ಲಿದೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಹೊಳೆ ದಂಡೆಯಲ್ಲಿ ಗಂಟೆಗಟ್ಟಲೆ ಕೂರುತ್ತಿದ್ದವರು. ಬೆಂಗಳೂರಿನಿಂದ ಚೆನ್ನೈಗೆ ಬರುವವನು ಮೊದಲಿನ ಚಿತ್ರವನ್ನೇ ಗಂಟುಕಟ್ಟಿಕೊಂಡು ಬಂದು, ಅಂಗೈ ಅಗಲದ ಜಿಲೇಬಿಗೆ ಹನ್ನೆರಡಡಿ ಭಾರದ ಕೋಲು ಹೂಡುತ್ತಾನೆ. ಮೀನು ಕಚ್ಚಿದ್ದೇ ಅವನ ಕೈಗೆ ತಿಳಿಯುವುದಿಲ್ಲ.

ಜಿಲೇಬಿಗೆ ಆರೇಳು ಅಡಿಯ ಹಗುರ ಕೋಲು, 0.20ರಿಂದ 0.25 ಮಿ.ಮೀ. ನೈಲಾನ್ ದಾರ, 8 ಅಥವಾ 10ನೇ ನಂಬರಿನ ಕೊಕ್ಕೆ ಸಾಕು. ಕೊಕ್ಕೆಯ ನಂಬರು ಏರಿದಷ್ಟೂ ಕೊಕ್ಕೆ ಸಣ್ಣದು ಎಂಬಲ್ಲಿ ಹೊಸಬರು ಅಂಗಡಿಯಲ್ಲೇ ಎಡವುತ್ತಾರೆ. ರೋಹು, ಕಾಟ್ಲಾಕ್ಕೆ 0.35 ಮಿ.ಮೀ. ಆಸುಪಾಸಿನ ದಾರ, 4 ಅಥವಾ 6ನೇ ನಂಬರು. ಮರಲು ಬೇರೆಯೇ ಕಥೆ. ಅದನ್ನು ಅಂತರಗಂಗೆಯ ನಡುವಿನಿಂದ ಎಳೆದೇ ತರಬೇಕು, ಆಡಿಸುತ್ತ ಕೂತರೆ ಕಳೆಗೆ ಸುತ್ತಿಕೊಳ್ಳುತ್ತದೆ. ಹೆಣೆದ ದಾರ, ಗಟ್ಟಿ ಕೋಲು, ಮುಳ್ಳು ಒಳಗೆ ಮುಚ್ಚಿಕೊಂಡಿರುವ ರಬ್ಬರ್ ಕಪ್ಪೆ ಬೇಕು. ಜೀವಂತ ಕಪ್ಪೆಯನ್ನು ಪೋಣಿಸುವ ಹಳೆಯ ರೂಢಿ ಬಿಡಬೇಕಾದದ್ದು. ರಬ್ಬರಿನದೇ ಚೆನ್ನಾಗಿ ಕೆಲಸ ಮಾಡುತ್ತದೆ.

ಕೊಕ್ಕೆಗೆ ಸಿಕ್ಕಿಸುವ ಆಹಾರಕ್ಕೆ ಕನ್ನಡದಲ್ಲಿ ಎರೆ, ತಮಿಳಿನಲ್ಲಿ ಇರೈ. ಮಣ್ಣಿನ ಹುಳು ಎರೆಹುಳುವಾದದ್ದು ಗಾಳಗಾರನ ಉಪಕಾರ. ಚೆನ್ನೈ ಅಂಗಡಿಯಲ್ಲಿ ‘ಮುಳ್’ ಎಂದರೆ ಕೊಕ್ಕೆ, ‘ನರಂಬು’ ಎಂದರೆ ನೈಲಾನ್ ದಾರ, ‘ತಕ್ಕೈ’ ಎಂದರೆ ಬೆಂಡು, ‘ಈಯಂ’ ಎಂದರೆ ಸೀಸದ ಗುಂಡು. ಗಾಳಕ್ಕೆ ‘ತೂಂಡಿಲ್’. ರೋಹುವಿಗೆ ಕಡಲೆಕಾಯಿ ಹಿಂಡಿ, ತೌಡು, ಮೈದಾ ಕಲಸಿದ ಉಂಡೆ ಎಲ್ಲರೂ ಬಳಸುವುದು. ಅದೇ ಕೈಯಲ್ಲಿ ರೀಲು ಮುಟ್ಟಿದರೆ ಹಿಟ್ಟು ಒಣಗಿ ಹಿಡಿಕೆಯ ಸಂದಿಗೆ ಅಂಟುತ್ತದೆ, ಆಮೇಲೆ ಇರುವೆಗೆ ಹಬ್ಬ. ಸೊಂಟದಲ್ಲೊಂದು ಒದ್ದೆ ಬಟ್ಟೆ ಸಿಕ್ಕಿಸಿಕೊಂಡರೆ ಆ ಕಾಟವಿಲ್ಲ.

ಕೋಲು, ರೀಲು, ದಾರ

ಮನೆಗೆ ಬಂದ ಮೊದಲ ಅರ್ಧ ಗಂಟೆಯಲ್ಲಿ ಆಗುವ ಕೆಲಸವೇ ಆರೈಕೆಯ ಮುಕ್ಕಾಲು ಪಾಲು. ರೀಲಿನ ಡ್ರ್ಯಾಗ್ (ದಾರ ಬಿಚ್ಚಿಕೊಳ್ಳುವುದನ್ನು ತಡೆಯುವ ಬ್ರೇಕು) ಬಿಗಿ ಮಾಡಿ, ಸಣ್ಣಗೆ ಬೀಳುವ ಸಿಹಿನೀರಿನಲ್ಲಿ ತೊಳೆದು, ಒದರಿ, ಒರೆಸಿ, ಆಮೇಲೆ ಡ್ರ್ಯಾಗ್ ಪೂರ್ತಿ ಸಡಿಲಿಸಿ ನೆರಳಲ್ಲಿ ಇಡಬೇಕು. ತೊಳೆಯುವಾಗ ಬಿಗಿ ಏಕೆಂದರೆ ನೀರು ಒಳಹೋಗಬಾರದು. ಇಡುವಾಗ ಸಡಿಲ ಏಕೆಂದರೆ ಒಳಗಿನ ವಾಷರುಗಳು ಅಮುಕಿಕೊಂಡೇ ಉಳಿದರೆ ಮುಂದಿನ ಸಲ ದಾರ ಜರ್ಕು ಹೊಡೆಯುತ್ತದೆ. ಪೈಪಿನ ರಭಸದ ನೀರು ಹಿಡಿದರೆ ಗ್ರೀಸು ಹೊರಗೆ, ಮರಳು ಒಳಗೆ. ದಾರ ಹಾದುಹೋಗುವ ಪುಟ್ಟ ಉರುಳೆಗೂ ಹಿಡಿಕೆಯ ಬೇರಿಂಗಿಗೂ ಒಂದೊಂದು ಹನಿ ತೆಳು ಎಣ್ಣೆ, ಒಳಗಿನ ಹಲ್ಲುಚಕ್ರಕ್ಕೆ ವರ್ಷಕ್ಕೊಮ್ಮೆ ಗ್ರೀಸು. ಅಡುಗೆಮನೆಯ ಕೊಬ್ಬರಿ ಎಣ್ಣೆ ಹಾಕುವವರಿದ್ದಾರೆ. ಅದು ಕ್ರಮೇಣ ಅಂಟಾಗುತ್ತದೆ, ಮಾರ್ಗಶಿರದ ಚಳಿಗೆ ಹೆಪ್ಪುಗಟ್ಟುತ್ತದೆ.

ಇನ್ನೊಂದು ಎಚ್ಚರ: ತೊಳೆಯುವ ನೀರೇ ಉಪ್ಪಾಗಿರಬಾರದು. ಸಮುದ್ರಕ್ಕೆ ಹತ್ತಿರದ ಬಡಾವಣೆಗಳ ಬೋರ್‌ವೆಲ್ ನೀರು ಹಲವೆಡೆ ಸವಳು. ಅದರಲ್ಲಿ ತೊಳೆದ ರೀಲಿನ ಮೇಲೆ ಮರುದಿನ ಬಿಳಿ ಪುಡಿ ಕಾಣುತ್ತದೆ. ‘ಮೆಟ್ರೋ ವಾಟರ್’ ಎಂದು ಊರವರು ಕರೆಯುವ ನಲ್ಲಿ ನೀರೇ ಆಗಬೇಕು, ಬೇಸಗೆಯಲ್ಲಿ ಅರ್ಧ ಬಕೆಟ್ ಸಿಕ್ಕರೂ ಸಾಕು.

ಕೋಲಿನ ಉಂಗುರಗಳನ್ನು ನೋಡುವ ಬಗೆ ಸುಲಭ. ಒಂದು ಎಸಳು ಹತ್ತಿಯನ್ನು ಒಂದೊಂದರೊಳಗೂ ಸುತ್ತಿಸಿ ಎಳೆಯಿರಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಕೂದಲೆಳೆ ಬಿರುಕಿದೆ ಎಂದರ್ಥ, ದಾರವೂ ಅಲ್ಲೇ ಹರಿಯುವುದು. ಜೋಡಣೆಯ ಬಾಯಿಗೆ ಮೇಣದಬತ್ತಿ ಉಜ್ಜಿದರೆ ಕೋಲು ಕಚ್ಚಿಕೊಳ್ಳುವುದಿಲ್ಲ. ತಮಿಳರು ಕತ್ತರಿ ಎನ್ನುವ ಬಿರುಬಿಸಿಲಿನ ಮೇ ತಿಂಗಳಲ್ಲಿ ಕೋಲನ್ನೂ ರಬ್ಬರ್ ಮೀನುಗಳನ್ನೂ ಕಾರಿನ ಡಿಕ್ಕಿಯಲ್ಲಿ ಬಿಡಬಾರದು. ಮೆತು ರಬ್ಬರ್ ಕರಗಿ ಪಕ್ಕದ ಗಟ್ಟಿ ಪ್ಲಾಸ್ಟಿಕ್ಕಿಗೆ ಅಂಟಿ ಒಂದೇ ಮುದ್ದೆಯಾಗುತ್ತದೆ. ಕಾರ್ಬನ್ ಕೋಲು ವಿದ್ಯುತ್ತನ್ನು ಹಾಯಿಸುತ್ತದೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಳೆಗಾಲದಲ್ಲಿ ಗುಡುಗು ಕೇಳಿದೊಡನೆ ಅದನ್ನು ಮಲಗಿಸಬೇಕು. ದಂಡೆಯ ಮೇಲಿನ ತಂತಿಯನ್ನಂತೂ ಮಳೆ ಇರಲಿ ಬಿಡಲಿ ನೋಡಿಯೇ ಕೋಲು ಎತ್ತಬೇಕು.

ನೈಲಾನ್ ದಾರವನ್ನು, ಕರಾವಳಿಯ ಕೆಲವೆಡೆ ತಂಗೂಸು ಎನ್ನುವುದನ್ನು, ಬಿಸಿಲು ತಿನ್ನುತ್ತದೆ. ನೋಟಕ್ಕೆ ಏನೂ ಆಗಿರುವುದಿಲ್ಲ. ಬೆರಳಿಗೆ ಒರಟಾಗಿ ತಾಗಿದರೆ, ಸುರುಳಿ ಬಿಡಿಸಿದರೂ ಸ್ಪ್ರಿಂಗಿನಂತೆ ನಿಂತರೆ ಅದರ ಕಾಲ ಮುಗಿಯಿತು. ಗಂಟನ್ನು ಬಿಗಿಯುವ ಮೊದಲು ನಾಲಿಗೆಗೆ ತಾಗಿಸಿ ಒದ್ದೆ ಮಾಡುವುದು ರೂಢಿ, ಇಲ್ಲವಾದರೆ ಉಜ್ಜಿದ ಬಿಸಿಗೆ ಗಂಟಿನಲ್ಲೇ ಸೊರಗುತ್ತದೆ. ಚೆನ್ನೈಯ ಕೆರೆ ನೀರು ಎಂಥದ್ದೆಂದು ಬಲ್ಲವರು ನಾಲಿಗೆ ಬದಲು ಕುಡಿಯುವ ನೀರಿನ ಬಾಟಲಿ ಬಳಸುತ್ತಾರೆ. ಡ್ರ್ಯಾಗನ್ನು ದಾರ ತಾಳುವ ತೂಕದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಹೊಂದಿಸಬೇಕು. ಐದು ಕಿಲೋ ತಾಳುವ ದಾರಕ್ಕೆ ಒಂದೂವರೆ ಕಿಲೋ, ಕೈತಕ್ಕಡಿ ಸಿಕ್ಕಿಸಿ ಎಳೆದು ನೋಡಿದರೆ ಗೊತ್ತಾಗುತ್ತದೆ. ಕೊಕ್ಕೆಯ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಜಾರಿಸಿ ನೋಡಿ. ಜಾರಿದರೆ ಮೊಂಡ, ಕಚ್ಚಿದರೆ ಚೂಪು. ತುಕ್ಕು ಹಿಡಿದ ಒಂದು ಕೊಕ್ಕೆ ಡಬ್ಬಿಯ ಉಳಿದವಕ್ಕೂ ಹಚ್ಚುತ್ತದೆ.

ದಾರ ಎಂಜಿನ್ನನ್ನು ಕೊಲ್ಲುವ ಬಗೆ

ಕಡಿದ ದಾರವನ್ನು ನೀರಿಗೆ ಎಸೆಯುವವನು ಹಕ್ಕಿಗೆ, ಆಮೆಗೆ ಮಾತ್ರವಲ್ಲ, ಹಿಂದೆ ಬರುವ ದೋಣಿಗೂ ಉರುಳು ಹಾಕುತ್ತಾನೆ. ತಿರುಗುವ ಪ್ರೊಪೆಲರ್ ಆ ದಾರವನ್ನು ಎಳೆದುಕೊಂಡು ತನ್ನ ಹಿಂದಿನ ದಂಡಿಗೆ ಸುತ್ತಿಕೊಳ್ಳುತ್ತದೆ. ಸುತ್ತಿದ ದಾರ ಒಳಗೆ ಸರಿಯುತ್ತ ಸರಿಯುತ್ತ ರಬ್ಬರ್ ಸೀಲನ್ನು ಕೊರೆಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಎಂಜಿನ್ ಓಡುತ್ತಲೇ ಇರುತ್ತದೆ. ಕೆಳಗಿನ ಗೇರ್ ಪೆಟ್ಟಿಗೆಯೊಳಗೆ ಎಣ್ಣೆಯ ಜೊತೆ ನೀರು ಬೆರೆಯತೊಡಗಿರುತ್ತದೆ.

ಪತ್ತೆ ಹಚ್ಚುವುದಕ್ಕೆ ಎರಡು ದಾರಿ. ನಾಲ್ಕೈದು ಸಲ ನೀರಿಗೆ ಇಳಿದ ಮೇಲೊಮ್ಮೆ ಪ್ರೊಪೆಲರಿನ ನಟ್ಟು ಬಿಚ್ಚಿ, ರೆಕ್ಕೆ ಕಳಚಿ, ದಂಡನ್ನು ಕಣ್ಣಾರೆ ನೋಡುವುದು. ಹಾಗೇ ಹೊಸ ಗ್ರೀಸು ಸವರಿ ಕೂರಿಸಿದರೆ ಮುಂದಿನ ಸಲ ಬಿಚ್ಚಲು ಸುತ್ತಿಗೆ ಬೇಕಾಗುವುದಿಲ್ಲ. ಎರಡನೆಯದು, ಗೇರ್ ಪೆಟ್ಟಿಗೆಯ ಕೆಳಗಿನ ತಿರುಪನ್ನು ಸ್ವಲ್ಪವೇ ಸಡಿಲಿಸಿ ಒಂದು ಚಮಚ ಎಣ್ಣೆಯನ್ನು ಬಿಳಿ ಬಟ್ಟಲಿಗೆ ಬಿಡುವುದು. ಜೇನಿನ ಬಣ್ಣವೋ ಕಪ್ಪೋ ಇದ್ದರೆ ಸರಿ. ಹಾಲು ಬೆರೆಸಿದ ಕಾಫಿಯಂತಿದ್ದರೆ ಸೀಲು ಹೋಗಿದೆ. ಸೀಲಿನ ಬೆಲೆ ಕೆಲವು ನೂರು, ಗೇರಿನದು ಸಾವಿರಗಳಲ್ಲಿ. ಗೇರ್ ಎಣ್ಣೆ ತುಂಬುವಾಗ ಕೆಳಗಿನ ತೂತಿನಿಂದ ಮೇಲಕ್ಕೆ ತುಂಬಬೇಕು, ಇಲ್ಲವಾದರೆ ಗಾಳಿ ಒಳಗೇ ಉಳಿಯುತ್ತದೆ.

ಎಂಜಿನ್

ಔಟ್‌ಬೋರ್ಡ್ ಎಂಜಿನ್ ತನ್ನನ್ನು ತಣಿಸಿಕೊಳ್ಳುವುದು ದೋಣಿ ತೇಲುವ ನೀರಿನಿಂದಲೇ. ಕೆಳಗಿನ ಜಾಲರಿಯಿಂದ ನೀರು ಒಳಹೋಗಿ, ರಬ್ಬರ್ ರೆಕ್ಕೆಗಳ ಇಂಪೆಲರ್ ಅದನ್ನು ಮೇಲಕ್ಕೆ ತಳ್ಳಿ, ಹಿಂಬದಿಯಲ್ಲಿ ಮಕ್ಕಳು ಉಚ್ಚೆ ಹೊಯ್ದಂತೆ ಒಂದು ಧಾರೆ ಬೀಳುತ್ತದೆ. ಆ ಧಾರೆಯೇ ನಾಡಿ. ಸ್ಟಾರ್ಟ್ ಮಾಡಿದ ಕೂಡಲೇ ನೋಡಬೇಕಾದದ್ದು ಅದನ್ನು. ಅಂತರಗಂಗೆ, ಪ್ಲಾಸ್ಟಿಕ್ ಚೀಲಗಳು ಜಾಲರಿಗೆ ಕಟ್ಟುವುದು ಚೆನ್ನೈ ನೀರಿನಲ್ಲಿ ನಿತ್ಯದ ಮಾತು. ಧಾರೆ ಸಣ್ಣಗಾದರೆ ಎಂಜಿನ್ ನಿಲ್ಲಿಸಿ, ಮೇಲೆತ್ತಿ, ಕೈಯಿಂದ ಬಿಡಿಸಬೇಕು. ನೀರಿಲ್ಲದೆ ಕೆಲವೇ ಸೆಕೆಂಡು ಓಡಿಸಿದರೂ ಇಂಪೆಲರ್ ಸುಡುತ್ತದೆ. ಕೊಳ್ಳುವವನಿಗೆ ‘ಓಡುತ್ತದೆ ನೋಡಿ’ ಎಂದು ಅಂಗಡಿಯ ನೆಲದ ಮೇಲೇ ಸ್ಟಾರ್ಟ್ ಮಾಡಿ ತೋರಿಸಿದ ಹಳೆಯ ಎಂಜಿನ್ನನ್ನು ಅಲ್ಲೇ ಬಿಟ್ಟು ಬರುವುದು ಒಳ್ಳೆಯದು. ಚೆನ್ನಾಗಿ ಓಡಿದರೂ ಇಂಪೆಲರನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ.

ಮುಟ್ಟುಕಾಡು, ಪುಲಿಕಾಟ್‌ಗಳಿಂದ ಬಂದ ದಿನ ಸಿಹಿನೀರಿನ ಡ್ರಮ್ಮಿನಲ್ಲಿ ನಿಲ್ಲಿಸಿ, ಗೇರ್ ಹಾಕದೆ, ಹತ್ತು ನಿಮಿಷ ಓಡಿಸಬೇಕು. ಕೆರೆಯಿಂದ ಬಂದರೂ ಮಾಡಿದರೆ ಕೆಸರು ಹೋಗುತ್ತದೆ. ಮೈಗೆ ತಿರುಪಿನಿಂದ ಕಟ್ಟಿರುವ ಬೂದು ಲೋಹದ ತುಂಡು ಬಲಿಪಶು: ಎಂಜಿನ್ನಿನ ಅಲ್ಯುಮಿನಿಯಂ ಬದಲು ತಾನು ಸವೆಯುತ್ತದೆ. ಪೂರ್ತಿ ಉಪ್ಪುನೀರಿಗೆ ಸತುವಿನದು, ಬರೀ ಸಿಹಿನೀರಿಗೆ ಮೆಗ್ನೀಸಿಯಂನದು. ಎರಡರಲ್ಲೂ ತಿರುಗುವ ಚೆನ್ನೈ ದೋಣಿಗೆ ಅಲ್ಯುಮಿನಿಯಂ ಮಿಶ್ರಲೋಹದ್ದು ಹೊಂದುತ್ತದೆ. ಅರ್ಧ ಸವೆದರೆ ಬದಲಿಸಬೇಕು. ಅದಕ್ಕೆ ಪೇಂಟ್ ಹೊಡೆದು ಚಂದ ಮಾಡಿದರೆ ಅದು ಇದ್ದೂ ಇಲ್ಲದಂತೆ.

ಹಳೆಯ ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಬೇಕು. ಹೆಚ್ಚಿನವಕ್ಕೆ 50ಕ್ಕೆ 1, ಅಂದರೆ ಲೀಟರಿಗೆ 20 ಮಿ.ಲೀ.; ಇನ್ನೂ ಹಳೆಯವಕ್ಕೆ 25ಕ್ಕೆ 1. ಸ್ಕೂಟರಿನ ಎಣ್ಣೆ ಬೇಡ, ನೀರಿನಿಂದ ತಣಿಯುವ ಎಂಜಿನ್ನಿಗೆಂದೇ ಬರುವ ಎಣ್ಣೆ ಬೇರೆ. ಫೋರ್ ಸ್ಟ್ರೋಕಿಗೆ ಬೆರಕೆ ಇಲ್ಲ, 100 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಎಂಜಿನ್ ಆಯಿಲ್ ಬದಲು.

ಈಗಿನ ಮುಖ್ಯ ತಲೆನೋವು ಇಂಧನದ್ದು. ಬಂಕಿನ ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥನಾಲ್. ಅದು ಚೆನ್ನೈಯ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಮೆತ್ತಗಾಗಿಸುತ್ತದೆ, ಹೆಚ್ಚು ನೀರು ಸೇರಿದರೆ ಟ್ಯಾಂಕಿನ ತಳದಲ್ಲಿ ಬೇರೆ ಪದರವಾಗಿ ಕೂರುತ್ತದೆ. ಎಂಜಿನ್ ಹೀರುವುದು ತಳದಿಂದಲೇ. ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸುವುದು, ಬೇಕಾದಷ್ಟೇ ಪೆಟ್ರೋಲ್ ತರುವುದು, ಉಳಿದದ್ದನ್ನು ಬೈಕಿಗೆ ಸುರಿದುಕೊಳ್ಳುವುದು ಪರಿಹಾರ. ಮೂರು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ಡ್ರಮ್ಮಿನಲ್ಲಿ ಓಡುತ್ತಿರುವಾಗಲೇ ಪೆಟ್ರೋಲ್ ಕೊಳವೆ ಕಳಚಬೇಕು. ಕಾರ್ಬ್ಯುರೇಟರ್ ಬರಿದಾಗಿ ಎಂಜಿನ್ ತಾನೇ ನಿಲ್ಲುತ್ತದೆ. ಒಳಗೆ ಉಳಿದ ಒಂದು ಗುಟುಕು ಪೆಟ್ರೋಲು ಒಣಗಿ ಅರಗಿನಂತೆ ಸೂಜಿ ತೂತನ್ನು ಮುಚ್ಚುವುದು ಹಾಗೆ ತಪ್ಪುತ್ತದೆ. ಕರ್ನಾಟಕ ಕರಾವಳಿಯ ನಾಡದೋಣಿಯವರು ಇದನ್ನು ಬಲ್ಲರು. ಅವರ ಸೀಮೆಎಣ್ಣೆ ಎಂಜಿನ್ ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿ, ದಡ ಸೇರುವ ಮುಂಚೆ ಮತ್ತೆ ಪೆಟ್ರೋಲಿಗೆ ಬರುತ್ತದೆ. ಸೀಮೆಎಣ್ಣೆಯಲ್ಲೇ ನಿಲ್ಲಿಸಿದವನು ಮರುದಿನ ಬೆಳಗಿನ ಜಾವ ಹಗ್ಗ ಎಳೆದೆಳೆದು ತೋಳು ನೋಯಿಸಿಕೊಳ್ಳುತ್ತಾನೆ.

ಸಣ್ಣ ಎಂಜಿನ್ನಿನ ಪ್ರೊಪೆಲರನ್ನು ಹಿಡಿದಿರುವ ಶಿಯರ್ ಪಿನ್ ಮೆದು ಲೋಹದ್ದು, ಕಲ್ಲಿಗೆ ಬಡಿದರೆ ತಾನು ಮುರಿದು ಗೇರನ್ನು ಉಳಿಸಲೆಂದೇ ಇರುವುದು. 2019ರಂಥ ಬರದ ಬೇಸಗೆಯಲ್ಲಿ ಜಲಾಶಯಗಳ ತಳವೇ ಬಿರುಕು ಬಿಟ್ಟಿತ್ತು. ನೀರಿಳಿದ ಕೆರೆಯಲ್ಲಿ ಹೂತ ಮರದ ಬುಡ, ಹಳೆಯ ಕಟ್ಟೆಗಳು ಒಂದಡಿ ಕೆಳಗೇ ಇರುತ್ತವೆ. ಎರಡು ಪಿನ್ನುಗಳನ್ನು ಜೊತೆಗಿಟ್ಟುಕೊಳ್ಳಬೇಕು. ಮುರಿದ ಪಿನ್ನಿನ ಜಾಗಕ್ಕೆ ಮೊಳೆ ಬಡಿದು ಮನೆ ಸೇರಿದವರು ಮುಂದಿನ ವಾರ ಗೇರ್ ಕೊಂಡಿದ್ದಾರೆ. ಎಂಜಿನ್ ನಿಲ್ಲಿಸುವ ಕೆಂಪು ಹಗ್ಗವನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳದೆ ಹೊರಡಬಾರದು: ಚಾಲಕ ನೀರಿಗೆ ಬಿದ್ದರೆ ದೋಣಿ ಅವನ ಸುತ್ತಲೇ ತಿರುಗುತ್ತ ಮತ್ತೆ ಮೇಲೆ ಬರುತ್ತದೆ.

ಬಿಡಿಭಾಗಕ್ಕೆ ಕಾಸಿಮೇಡಿನ ವರ್ಕ್‌ಶಾಪುಗಳನ್ನೂ ಮಣ್ಣಡಿಯ ಹಾರ್ಡ್‌ವೇರ್ ಬೀದಿಗಳನ್ನೂ ಸುತ್ತಬೇಕು. ಪುದುಪೇಟೆಯಲ್ಲಿ ವಾಹನದ ಯಾವ ಭಾಗವೂ ಸಿಗುತ್ತದೆ, ಆದರೆ ಕಾರಿನ ಸ್ಟಾರ್ಟರನ್ನು ದೋಣಿಗೆ ಹಾಕಬಾರದು. ದೋಣಿಯದಕ್ಕೆ ಕಿಡಿ ಹೊರಬೀಳದಂತೆ ಮುಚ್ಚಳವಿರುತ್ತದೆ. ಹಳೆಯ ಎವಿನ್ರೂಡ್ ಎಂಜಿನ್ ಅಗ್ಗಕ್ಕೆ ಬಂದರೆ 2020ರಲ್ಲೇ ಅದರ ತಯಾರಿಕೆ ನಿಂತಿತೆಂಬುದು ನೆನಪಿರಲಿ.

ನೀರಲ್ಲಿ ಮುಳುಗಿದ ಎಂಜಿನ್ ಸತ್ತಂತಲ್ಲ, ಗಡಿಯಾರ ಓಡತೊಡಗಿದಂತೆ. ಮೇಲೆತ್ತಿ, ಸಿಹಿನೀರಿನಲ್ಲಿ ತೊಳೆದು, ಸ್ಪಾರ್ಕ್ ಪ್ಲಗ್ ಬಿಚ್ಚಿ, ತೂತು ಕೆಳಮುಖವಾಗಿ ಹಿಡಿದು ಹಗ್ಗ ಎಳೆದು ನೀರು ಉಗಿಸಿ, ಸಿಲಿಂಡರಿಗೆ ಎಣ್ಣೆ ಹನಿಸಿ, ಅದೇ ದಿನ ಓಡಿಸಬೇಕು. ಎಳೆಯುವಾಗ ಮರಳು ಕರಕರ ಎಂದರೆ ಮುಂದುವರಿಯದೆ ಮೆಕ್ಯಾನಿಕ್ ಬಳಿಗೆ ಒಯ್ಯಬೇಕು. ಅಷ್ಟರಲ್ಲಿ ಯಾರೂ ಸಿಗದಿದ್ದರೆ ಒರೆಸಿ ಬಿಸಿಲಿಗಿಡುವ ಬದಲು ಸಿಹಿನೀರು ತುಂಬಿದ ಡ್ರಮ್ಮಿನಲ್ಲಿ ಪೂರ್ತಿ ಮುಳುಗಿಸಿಡುವುದೇ ವಾಸಿ. ಒದ್ದೆ ಉಕ್ಕಿಗೆ ತುಕ್ಕು ಓಡಿ ಹತ್ತುವುದು ಗಾಳಿ ತಾಗಿದ ಮೇಲೆ.